ಸಿದ್ಧಾಂತ ಅಂದ್ರೆ ಸಾಬೀತಾಗಿದ್ದು, ಅಲ್ವಾ ಮೇಡಂ?

ಬಿ.ಇಡ್. ಓದುವವರಿಗೆ ವಿಜ್ಞಾನ ಬೋಧನೆ ಕಲಿಸುವಾಗ ಮೊದಲ ವಾರವೇ ಒಂದು ಪ್ರಶ್ನೆ ಕೇಳುತ್ತೇನೆ. ಐನ್‌ಸ್ಟೈನ್ ಹೇಳಿದ್ದನ್ನು ಸಾಪೇಕ್ಷತಾ ಸಿದ್ಧಾಂತ ಅನ್ನುತ್ತೇವೆ. ಡಾರ್ವಿನ್ ಹೇಳಿದ್ದನ್ನು ವಿಕಾಸವಾದ ಅನ್ನುತ್ತೇವೆ. ಯಾವುದು ಜಾಸ್ತಿ ಗಟ್ಟಿ?

ಹೆಚ್ಚಿನವರ ಉತ್ತರ ಒಂದೇ. "ಸಿದ್ಧಾಂತ ಅಂದ್ರೆ ಸಾಬೀತಾಗಿದ್ದು, ಅಲ್ವಾ ಮೇಡಂ? ವಾದ ಅಂದ್ರೆ ಒಬ್ಬರು ಹೇಳಿದ್ದು. ಇನ್ನೊಬ್ಬರು ಅಲ್ಲ ಅನ್ನಬಹುದು."

ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಂಗ್ಲಿಷಿನಲ್ಲಿ ಎರಡೂ ಥಿಯರಿಯೇ. ಕನ್ನಡಕ್ಕೆ ಬರುವಾಗ ಒಂದು ಸಿದ್ಧಾಂತವಾಯಿತು, ಇನ್ನೊಂದು ವಾದವಾಯಿತು. ಸಿದ್ಧಾಂತ ಅಂದ ಕೂಡಲೇ ನಮಗೆ ಮಾತು ಮುಗಿದಂತೆ ಕೇಳಿಸುತ್ತದೆ. ವಾದ ಅಂದರೆ ಕೋರ್ಟು ನೆನಪಾಗುತ್ತದೆ. ಆದರೆ ವಿಕಾಸಕ್ಕೆ ಪಳೆಯುಳಿಕೆಯಿಂದ ಡಿಎನ್‌ಎವರೆಗೆ ರಾಶಿ ರಾಶಿ ಸಾಕ್ಷ್ಯವಿದೆ. ಅದು ಇನ್ನೊಂದಕ್ಕಿಂತ ಸಡಿಲವಾದದ್ದೇನಲ್ಲ.

'ನಿಯಮ' ಎಂಬ ಪದದ ಕಥೆಯೂ ಹೀಗೇ. ಸಂಚಾರ ನಿಯಮ, ವ್ರತದ ನಿಯಮ, ನ್ಯೂಟನ್ನನ ನಿಯಮ. ಮೂರನ್ನೂ ಪಾಲಿಸಬೇಕು, ಪ್ರಶ್ನಿಸಬಾರದು ಎಂಬ ಭಾವನೆ ಬಂದುಬಿಡುತ್ತದೆ. ಮೊದಲು ವಾದ, ಆಮೇಲೆ ಸಿದ್ಧಾಂತ, ಪೂರ್ತಿ ಸಾಬೀತಾದ ಮೇಲೆ ನಿಯಮ ಅಂತ ಬಡ್ತಿ ಸಿಗುತ್ತದೆ ಎಂದೂ ಹಲವರು ನಂಬಿದ್ದಾರೆ. ಹಾಗಿಲ್ಲ. ಅನಿಲವನ್ನು ಒತ್ತಿದರೆ ಅದರ ಗಾತ್ರ ಎಷ್ಟು ಕುಗ್ಗುತ್ತದೆ ಎಂದು ಬಾಯ್ಲ್ 1662ರಲ್ಲಿ ಹೇಳಿದ್ದು ನಿಯಮ. ಯಾಕೆ ಹಾಗಾಗುತ್ತದೆ ಎಂದು ಅಣುಗಳ ಓಡಾಟದಿಂದ ವಿವರಿಸಿದ್ದು ಸಿದ್ಧಾಂತ. ಎರಡರ ಕೆಲಸವೇ ಬೇರೆ. ಹೊಸ ಸಾಕ್ಷ್ಯ ಬಂದರೆ ಎರಡನ್ನೂ ತಿದ್ದಬಹುದು.

ಈ ಹುಡುಗ ಹುಡುಗಿಯರು ನಾಳೆ ಸಾವಿರಾರು ಮಕ್ಕಳಿಗೆ ಪಾಠ ಮಾಡುವವರು. ಅವರು ವಿಜ್ಞಾನವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಸಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಿರಿಯರಿಗೆ ಎದುರು ಮಾತಾಡಬಾರದು ಎಂದು ಕೇಳಿಕೊಂಡೇ ಬೆಳೆದವರು ಪಠ್ಯಪುಸ್ತಕಕ್ಕೂ ಎದುರು ಮಾತಾಡುವುದಿಲ್ಲ. ಗ್ರಹಣದ ದಿನ ಊಟ ಬಿಡುವವರೂ ಅದೇ ಗ್ರಹಣದ ಚಿತ್ರವನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬರೆಯುತ್ತಾರೆ. ಒಂದು ಪರೀಕ್ಷೆಗೆ, ಇನ್ನೊಂದು ಮನೆಗೆ. ಹೀಗೆ ಎರಡನ್ನೂ ಒಂದಕ್ಕೊಂದು ತಾಗದಂತೆ ಇಟ್ಟುಕೊಳ್ಳುವುದನ್ನು ನೈಜೀರಿಯಾದ ಶಿಕ್ಷಣ ತಜ್ಞ ಜೆಗೆಡೆ ಆಫ್ರಿಕಾದ ವಿದ್ಯಾರ್ಥಿಗಳಲ್ಲೂ ಗುರುತಿಸಿದ್ದರು.

ಇದು ಈ ಕಾಲದ ಸಮಸ್ಯೆ ಮಾತ್ರವೂ ಅಲ್ಲ. ಗ್ರಹಣಕ್ಕೆ ನೆರಳೇ ಕಾರಣ ಎಂದು ಆರ್ಯಭಟ 499ರಲ್ಲೇ ಬರೆದಿದ್ದ. 628ರಲ್ಲಿ ಬ್ರಹ್ಮಗುಪ್ತನೂ ನೆರಳನ್ನೇ ಹಿಡಿದು ಲೆಕ್ಕ ಹಾಕಿದ. ಆದರೆ ರಾಹುವನ್ನು ಅಲ್ಲಗಳೆದವರನ್ನು, ಶಾಸ್ತ್ರಕ್ಕೆ ವಿರುದ್ಧ ಎಂದು ಖಂಡಿಸಿದ. ಆರ್ಯಭಟನೂ ನಮ್ಮವನೇ, ಬ್ರಹ್ಮಗುಪ್ತನೂ ನಮ್ಮವನೇ. ವಿಜ್ಞಾನ ಹೊರಗಿನದು, ನಂಬಿಕೆ ನಮ್ಮದು ಎಂದು ಯಾರಾದರೂ ಹೇಳಿದರೆ ನಾನು ಇದನ್ನೇ ನೆನಪಿಸುತ್ತೇನೆ.

ಹಾಗಂತ ಮನೆಯ ತಿಳಿವಳಿಕೆಯನ್ನು ಬಾಗಿಲಾಚೆ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಅದನ್ನು ತರಗತಿಗೇ ತರಿಸುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಮಳೆ ನಕ್ಷತ್ರ. ರೈತರ ಮನೆಯ ಮಕ್ಕಳಿಗೆಲ್ಲ ಅದು ಗೊತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಸರಿ, ಇದನ್ನು ಹೇಗೆ ಪರೀಕ್ಷೆ ಮಾಡುತ್ತೀರಿ?

ಮೊದಲು ಸ್ವಲ್ಪ ಹೊತ್ತು ಮೌನ. ಆಮೇಲೆ ಜಗಳ ಶುರು. ಭರಣಿ ಮಳೆ ಬಂತು ಅನ್ನಲು ಎಷ್ಟು ಬೀಳಬೇಕು? ಹವಾಮಾನ ಇಲಾಖೆಗೆ 2.5 ಮಿಲಿಮೀಟರ್ ಬಿದ್ದರೆ ಅದು ಮಳೆಯ ದಿನ. ನಮಗೂ ಅಷ್ಟು ಸಾಕಾ? ಬೆಳೆ ಅಂದರೆ ಯಾವುದು, ರಾಗಿಯೋ ಜೋಳವೋ? ಭರಣಿ ಸುರಿದೂ ಬೆಳೆ ಕೈಕೊಟ್ಟ ವರ್ಷಗಳನ್ನು ಅಜ್ಜ ನೆನಪಿಟ್ಟುಕೊಂಡಿದ್ದಾರಾ, ಅಥವಾ ಗಾದೆಗೆ ಹೊಂದಿದ ವರ್ಷಗಳನ್ನು ಮಾತ್ರವಾ?

ಇನ್ನೂ ಒಂದು ವಿಷಯವಿದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತೊನೆಯುವುದರಿಂದ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಸುಮಾರು 70 ವರ್ಷಕ್ಕೆ ಒಂದು ದಿನದಷ್ಟು ಬೇರೆಯಾಗುತ್ತವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ಆದರೆ ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಕಾರಣ ಇದೇ. ಅಂದರೆ ಸಾವಿರ ವರ್ಷದಲ್ಲಿ ಎರಡು ವಾರ, ಪೂರಾ ಒಂದು ನಕ್ಷತ್ರದಷ್ಟು ಜರುಗುತ್ತದೆ. ನಕ್ಷತ್ರ ಜರುಗಿದರೂ ಮುಂಗಾರು ಅದರ ಹಿಂದೆ ಹೋಗುವುದಿಲ್ಲ, ಅದು ಬರುವುದು ಋತುವಿನ ಲೆಕ್ಕದಲ್ಲೇ.

ಇದನ್ನು ಹೇಳಿದ ದಿನ ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತು ಕೇಳಿದಳು. "ಹಾಗಾದ್ರೆ ಗಾದೆ ಕಟ್ಟಿದಾಗಿನ ಭರಣಿ ಮಳೆಯೂ ಈಗಿನ ಭರಣಿ ಮಳೆಯೂ ಬೇರೆ ಬೇರೆ ಇರಬಹುದಲ್ವಾ ಮೇಡಂ?" ಮಾರನೇ ವಾರ ಅವಳು ಊರಿಂದ ಬರುವಾಗ ಅಪ್ಪ ಮಳೆ ಬರೆದಿಡುತ್ತಿದ್ದ ಹಳೆಯ ಡೈರಿಗಳನ್ನು ಹೊತ್ತು ತಂದಳು.