ಮನೆಯಲ್ಲಿ ನಿಲ್ಲಬೇಕು, ಕಾಡಿನಲ್ಲಿ ಸಾಗಬೇಕು: ಅಮೆರಿಕದ ಕೈಬಂದೂಕಿನ ಹಳೆಯ ಪ್ರಶ್ನೆ

.38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ತೋಟಾಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಗುಂಡಿನ ದಪ್ಪ ಎರಡಕ್ಕೂ ಒಂದೇ, 0.357 ಇಂಚು. ಎರಡನೆಯದರ ಹಿತ್ತಾಳೆ ಕೊಳವೆ ಮಾತ್ರ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ. ಆ ಉದ್ದ ಬೇಕೆಂದೇ ಬಿಟ್ಟದ್ದು. ಹೆಚ್ಚು ಒತ್ತಡದ ಹೊಸ ತೋಟಾವನ್ನು ಯಾರಾದರೂ ಹಳೆಯ .38 ರಿವಾಲ್ವರಿಗೆ ತುರುಕಿ ಅದು ಕೈಯಲ್ಲೇ ಸಿಡಿಯದಿರಲಿ ಎಂಬ ಮುನ್ನೆಚ್ಚರಿಕೆ. ತಿರುಗಾಮುರುಗಾ ಆದರೆ ಅಪಾಯವಿಲ್ಲ: .357 ರಿವಾಲ್ವರಿನಲ್ಲಿ .38 ಹಾಕಿ ಹೊಡೆಯಬಹುದು. ಅಮೆರಿಕದಲ್ಲಿ ಮನೆಗೂ ಕಾಡಿಗೂ ಒಂದೇ ಕೈಬಂದೂಕು ಸಾಕೇ ಎಂದು ಕೇಳಿದವರಿಗೆ ಬಹುಕಾಲ ಸಿಕ್ಕ ಉತ್ತರ ಈ ಮೂರು ಮಿಲಿಮೀಟರಿನಲ್ಲೇ ಇತ್ತು: ಒಂದೇ ರಿವಾಲ್ವರಿಗೆ ಮನೆಯಲ್ಲಿ .38, ಕಾಡಿನಲ್ಲಿ .357.

ಮೊಂಟಾನಾ, ವಯೋಮಿಂಗ್, ಐಡಾಹೊ, ಅಲಾಸ್ಕಾ ಕಡೆ ಕಾಡಿನಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಇದು ದಿನನಿತ್ಯದ ಪ್ರಶ್ನೆ. ರಾತ್ರಿ ಮಂಚದ ಬಳಿ ಇರುವ ಪಿಸ್ತೂಲೇ ಬೆಳಿಗ್ಗೆ ಸೊಂಟಕ್ಕೇರಿ ಟ್ರೌಟ್ ಮೀನಿನ ಹೊಳೆಗೆ ಹೊರಡುತ್ತದೆ. ಆದರೆ ಎರಡು ಕಡೆಯ ಬೇಡಿಕೆ ಒಂದಕ್ಕೊಂದು ವಿರುದ್ಧ. ಅಲ್ಲಿನ ಮನೆಗಳ ಒಳಗೋಡೆ ಎಂದರೆ ಮರದ ಚೌಕಟ್ಟಿನ ಎರಡು ಬದಿಗೆ ಬಡಿದ ಜಿಪ್ಸಮ್ ಹಲಗೆ. ಗುರಿ ತಪ್ಪಿದ ಗುಂಡು ಅದನ್ನು ಸೀಳಿಕೊಂಡು ಮಕ್ಕಳು ಮಲಗಿದ ಕೋಣೆಗೆ ನುಗ್ಗಬಲ್ಲದು. ಕಾಡಿನಲ್ಲಿ ಎದುರಾಗುವುದು ಇನ್ನೂರು ಮುನ್ನೂರು ಕಿಲೋ ತೂಗುವ ಗ್ರಿಜ್ಲಿ ಕರಡಿ. ಅದರ ದಪ್ಪ ಸ್ನಾಯು, ಮೂಳೆ ದಾಟಿ ಗುಂಡು ಒಳಗಿಳಿಯಬೇಕು. ಮನೆಯಲ್ಲಿ ಗುಂಡು ನಿಲ್ಲಬೇಕು, ಕಾಡಿನಲ್ಲಿ ನಿಲ್ಲಬಾರದು. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ ಎಷ್ಟಿರಬೇಕೆಂಬ ಚರ್ಚೆಯ ಶತಮಾನದ ಗೊಂದಲವೆಲ್ಲ ಇಷ್ಟರಲ್ಲೇ ಅಡಗಿದೆ ಎಂಬುದು ನನ್ನ ನಂಬಿಕೆ.

ಕಥೆ ಶುರುವಾಗುವುದು ಮಾತ್ರ ಮನೆಯಲ್ಲೂ ಅಲ್ಲ, ಕರಡಿಯ ಕಾಡಿನಲ್ಲೂ ಅಲ್ಲ, ಫಿಲಿಪ್ಪೀನ್ಸಿನಲ್ಲಿ. 1898ರಲ್ಲಿ ಆ ದ್ವೀಪಗಳನ್ನು ವಶಪಡಿಸಿಕೊಂಡ ಅಮೆರಿಕದ ಸೇನೆಗೆ ದಕ್ಷಿಣದ ಮೊರೊ ಜನ ತಲೆಬಾಗಲಿಲ್ಲ. ತಮ್ಮ ನೆಲಕ್ಕಾಗಿ ಕತ್ತಿ ಹಿಡಿದು ಮೇಲೆ ಬಿದ್ದವರನ್ನು ತಮ್ಮ .38 ಲಾಂಗ್ ಕೋಲ್ಟ್ ರಿವಾಲ್ವರುಗಳು ತಡೆಯಲಿಲ್ಲ ಎಂದು ಸೈನಿಕರು ದೂರಿದರು. 1904ರಲ್ಲಿ ಜಾನ್ ಥಾಂಪ್ಸನ್ ಎಂಬ ಅಧಿಕಾರಿಯೂ ಲೂಯಿ ಲಗಾರ್ಡ್ ಎಂಬ ಸೇನಾ ವೈದ್ಯರೂ ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ ನೋಡಿದರು. ಓದಲು ಹಿಂಸೆಯಾಗುವ ಪರೀಕ್ಷೆ ಅದು, ವಿಜ್ಞಾನವಾಗಿಯೂ ಗಟ್ಟಿಯಲ್ಲ. ಆದರೂ ಸೇನೆಯ ಕೈಬಂದೂಕು .45ಕ್ಕಿಂತ ಸಣ್ಣದಿರಬಾರದು ಎಂದು ಅವರು ಬರೆದದ್ದು ಶಾಸನದಂತಾಯಿತು. ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲು 1911ರಲ್ಲಿ ಸೇನೆ ಸೇರಿತು. ಹದಿನೈದು ಗ್ರಾಮಿನ ಗುಂಡು, ಸೆಕೆಂಡಿಗೆ ಸುಮಾರು 255 ಮೀಟರ್ ವೇಗ. ದೊಡ್ಡ ತೂತು ಮಾಡುವುದೇ ಒಳ್ಳೆಯ ಗುಂಡು ಎಂಬ ಮಾತು ಅಲ್ಲಿಂದ ಮನೆಮನೆಗೆ ಇಳಿಯಿತು.

ವೇಗದ ಕಡೆಗೆ ತಿರುವು ಬಂದದ್ದು 1935ರಲ್ಲಿ, ಸ್ಮಿತ್ ಅಂಡ್ ವೆಸನ್ ಬಂದೂಕು ಕಂಪನಿ ತಂದ .357 ಮ್ಯಾಗ್ನಮ್ ಜೊತೆಗೆ. ಕಾರಿನಲ್ಲಿ ಪರಾರಿಯಾಗುವ ದರೋಡೆಕೋರರ ಹಿಂದೆ ಬಿದ್ದ ಪೊಲೀಸರಿಗೆ ತಗಡು ಸೀಳುವ ಗುಂಡು ಬೇಕಿದ್ದ ಕಾಲ. ಆ ಮಾದರಿಯ ಮೊದಲ ರಿವಾಲ್ವರ್ ಹೋದದ್ದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕೈಗೆ. ಅದೇ ಮಾದರಿಯ ರಿವಾಲ್ವರಿನಿಂದ ಕಂಪನಿಯ ಡಗ್ಲಸ್ ವೆಸನ್ ದೊಡ್ಡ ಪ್ರಾಣಿಗಳ ಬೇಟೆಯಾಡಿ ತೋರಿಸಿದರು. ಊರಿಗೂ ಸೈ, ಕಾಡಿಗೂ ಸೈ ಎಂದು ಒಂದೇ ಬಂದೂಕನ್ನು ಮಾರಿದ್ದು ಬಹುಶಃ ಅಲ್ಲಿಂದಲೇ.

ಐಡಾಹೊದ ಎಲ್ಮರ್ ಕೀತ್‌ಗೆ ಅಷ್ಟು ಸಾಲಲಿಲ್ಲ. ದನ ಕಾಯುತ್ತ, ಬೇಟೆಗೆ ದಾರಿ ತೋರುತ್ತ ಬದುಕಿದ ಈ ಮನುಷ್ಯ .44 ಸ್ಪೆಷಲ್ ತೋಟಾಗಳಿಗೆ ತಾನೇ ಮದ್ದು ತುಂಬಿ ವರ್ಷಗಟ್ಟಲೆ ಪ್ರಯೋಗ ಮಾಡಿದ. ಅವನ ಮುಖ್ಯ ಕೊಡುಗೆ ಮದ್ದಿಗಿಂತ ಗುಂಡಿನ ಆಕಾರ ಎನ್ನುತ್ತೇನೆ: ಗಟ್ಟಿ ಸೀಸದ, ಚಪ್ಪಟೆ ಮೂತಿಯ, ಅಂಚು ಚೂಪಾದ ಗುಂಡು. ಅದು ಅರಳುವುದಿಲ್ಲ, ದಾರಿ ತಪ್ಪದೆ ಆಳಕ್ಕೆ ಹೋಗುತ್ತದೆ. ಅವನ ಒತ್ತಾಯದ ಫಲವಾಗಿ 1955ರ ಕೊನೆಗೆ .44 ಮ್ಯಾಗ್ನಮ್ ಬಂತು. ಆದರೆ ಅದರ ಒದೆತ ಎಂಥದ್ದೆಂದರೆ, ಎರಡನೆಯ ಗುಂಡು ಗುರಿಗೆ ತಾಗಿಸಲು ಸಾಕಷ್ಟು ಅಭ್ಯಾಸ ಬೇಕು. ಇಷ್ಟಾದರೂ ಅದರ ಶಕ್ತಿ .30-06 ರೈಫಲಿನ ಅರ್ಧಕ್ಕೂ ಕಡಿಮೆ. ಕೈಬಂದೂಕು ಎಷ್ಟು ದೊಡ್ಡದಾದರೂ ಕೈಬಂದೂಕೇ.

ಇತ್ತ ಮನೆಯ ಕಡೆಯ ಪಾಠ ಬಂದದ್ದು ಒಂದು ಸಾವಿನ ಬೀದಿಯಿಂದ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದ ಎಂಟು ಎಫ್‌ಬಿಐ ಅಧಿಕಾರಿಗಳಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಆರಂಭದಲ್ಲೇ ಒಬ್ಬ ದರೋಡೆಕೋರನಿಗೆ 9 ಮಿ.ಮೀ. ಗುಂಡು ಬಿದ್ದಿತ್ತು. ತೋಳನ್ನು ದಾಟಿ ಎದೆಗಿಳಿದ ಅದು ಹೃದಯ ಇನ್ನೊಂದು ಇಂಚಿನಷ್ಟು ದೂರವಿರುವಾಗ ನಿಂತುಹೋಯಿತು. ಅವನು ಆಮೇಲೂ ಹೊಡೆಯುತ್ತಲೇ ಇದ್ದ. ಆ ಒಂದಿಂಚಿನಿಂದ ಹುಟ್ಟಿದ್ದು ಇಂದಿಗೂ ಬಳಕೆಯಲ್ಲಿರುವ ಅಳತೆ: ದೇಹದ ಮಾಂಸಕ್ಕೆ ಬದಲಾಗಿ ಇಡುವ ಜೆಲಟಿನ್ ಗಡ್ಡೆಯೊಳಗೆ ಗುಂಡು ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು ಹೋಗಬೇಕು.

ಎಫ್‌ಬಿಐ ಮೊದಲು ಹಿಡಿದದ್ದು 1983ರಲ್ಲಿ ಬಂದಿದ್ದ 10 ಮಿ.ಮೀ. ತೋಟಾವನ್ನು. ಒದೆತ ಹೆಚ್ಚೆಂದು ಮದ್ದು ಇಳಿಸಿದರು. ಮದ್ದು ಇಳಿದ ಮೇಲೆ ಅಷ್ಟುದ್ದದ ಕೊಳವೆ ಏಕೆಂದು ಅದನ್ನೇ ಗಿಡ್ಡ ಮಾಡಿ 1990ರಲ್ಲಿ ಸ್ಮಿತ್ ಅಂಡ್ ವೆಸನ್ .40 ತೋಟಾ ತಂದಿತು. 2010ರ ದಶಕದ ನಡುವೆ ಎಫ್‌ಬಿಐ ಮತ್ತೆ 9 ಮಿ.ಮೀ.ಗೇ ಮರಳಿತು. ಅಷ್ಟರಲ್ಲಿ ಬದಲಾದದ್ದು ಕ್ಯಾಲಿಬರ್ ಅಲ್ಲ, ಗುಂಡು. ತುದಿ ಟೊಳ್ಳಾದ ಗುಂಡುಗಳು ಈಗ ಅಳತೆಗೆ ತಕ್ಕಂತೆ ಅರಳಿ, ಅಳತೆಗೆ ತಕ್ಕ ಆಳದಲ್ಲಿ ನಿಲ್ಲುತ್ತವೆ.

ಅರಳುವ ಗುಂಡಿನ ಹೆಸರಿಗೆ ನಮ್ಮ ದೇಶದ ನಂಟಿದೆ. ಕೋಲ್ಕತ್ತ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿಯಲ್ಲಿ ಹೊದಿಕೆಯಿಲ್ಲದ ಗುಂಡು ಮಾಡಿದರು. ಅಂಥದ್ದನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಸಾರಿತು. ಅದೇ ಗುಣ ಇಂದು ಅಮೆರಿಕದ ಮನೆಗಳಲ್ಲಿ ಬೇಕೆನಿಸಿದ್ದು, ಗುಂಡು ದೇಹ ದಾಟಿ ಹಿಂದಿದ್ದವರಿಗೆ ತಾಗುವ ಸಂಭವ ಕಡಿಮೆ ಎಂಬ ಕಾರಣಕ್ಕೆ.

ಎಫ್‌ಬಿಐ ಕೈಬಿಟ್ಟ 10 ಮಿ.ಮೀ. ಸಾಯಲಿಲ್ಲ, ಕಾಡಿಗೆ ಹೋಯಿತು. ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿ ಏರಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳ ಹಿಮಕರಡಿಗಳ ಭಯಕ್ಕೆ ಹಿಡಿಯುವುದು ಇದೇ ತೋಟಾದ ಗ್ಲಾಕ್ ಪಿಸ್ತೂಲು. ಅಮೆರಿಕದಲ್ಲೂ ಮನೆಗೆ ಅರಳುವ ಗುಂಡು, ಕಾಡಿಗೆ ಗಟ್ಟಿ ಗುಂಡು ಎಂದು ಒಂದೇ ಪಿಸ್ತೂಲಿಗೆ ಎರಡು ಬಗೆ ತುಂಬುವವರಿದ್ದಾರೆ. ಮಲೆನಾಡಿನಲ್ಲಿ ತೋಟಾ ಕೋವಿ ಕಂಡವರಿಗೆ ಇದು ಹೊಸದಲ್ಲ. ಕೋವಿ ಒಂದೇ; ಸಣ್ಣ ಛರೆಯದೋ, ದಪ್ಪ ಛರೆಯ ಎಲ್‌ಜಿಯೋ ಎಂಬುದನ್ನು ಎದುರಿಗಿರುವುದು ಏನೆಂದು ನೋಡಿ ಹಾಕುತ್ತಿದ್ದರು.

ಕರಡಿಯ ವಿಷಯದಲ್ಲಿ ಬಂದೂಕಿನವರು ಕಿವಿಗೊಡಲೇಬೇಕಾದ ಎರಡು ಅಧ್ಯಯನಗಳಿವೆ, ಎರಡೂ ಅಲಾಸ್ಕಾದವು. 2008ರದ್ದು ಮೆಣಸಿನ ಖಾರದ ಸ್ಪ್ರೇ ಕುರಿತದ್ದು: ಕಂದು ಕರಡಿಗಳ ಎದುರು ಅದು ನೂರಕ್ಕೆ 92 ಸಲ ಕೆಲಸ ಮಾಡಿತ್ತು. 2012ರದ್ದು ಬಂದೂಕು ಕುರಿತದ್ದು, 269 ಘಟನೆಗಳನ್ನು ನೋಡಿತು: ಕೈಬಂದೂಕು ನೂರಕ್ಕೆ 84 ಸಲ, ಉದ್ದ ಬಂದೂಕು 76 ಸಲ ಫಲಿಸಿತ್ತು. ಎರಡೂ ಒಂದೇ ಬಗೆಯ ಘಟನೆಗಳಲ್ಲವಾದ್ದರಿಂದ ಅಂಕಿಗಳನ್ನು ನೇರ ತಕ್ಕಡಿಗೆ ಹಾಕುವಂತಿಲ್ಲ. ಆದರೆ ಗುಂಡು ಹೊಡೆದವರಿಗೂ, ಬಂದೂಕಿದ್ದೂ ಹೊಡೆಯದವರಿಗೂ ಆದ ಗಾಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬ ಎರಡನೆಯ ಅಧ್ಯಯನದ ಮಾತು ನನ್ನನ್ನು ತಡೆದು ನಿಲ್ಲಿಸಿತು. ಯೆಲ್ಲೋಸ್ಟೋನ್ ನೋಡಲು ಹೋಗುವ ನಮ್ಮವರು ಅಂಗಡಿಯ ಸ್ಪ್ರೇ ಡಬ್ಬಿಯನ್ನು ಕೊಂಡು, ಬ್ಯಾಗಿನೊಳಗಲ್ಲ, ಕೈಗೆಟುಕುವಂತೆ ಸೊಂಟದಲ್ಲಿಟ್ಟುಕೊಳ್ಳಲಿ.

ಮನೆಯ ಲೆಕ್ಕದಲ್ಲಿ ಕಳ್ಳನೊಬ್ಬನೇ ಇರುವುದಿಲ್ಲ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. ಅದೇ ದೇಶದಲ್ಲಿ 2021ರಲ್ಲಿ ಬಂದೂಕಿನಿಂದಾದ ಸುಮಾರು 48,800 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಬೀಗ ಹಾಕಿದ ಪೆಟ್ಟಿಗೆಯ ಪ್ರಶ್ನೆ ಕ್ಯಾಲಿಬರಿನ ಪ್ರಶ್ನೆಗಿಂತ ಮೊದಲು ಬರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮುಚ್ಚಿದ ಕೋಣೆಯಲ್ಲಿ .357 ಮ್ಯಾಗ್ನಮ್ ಸಿಡಿದರೆ ಸದ್ದು 160 ಡೆಸಿಬೆಲ್ ಮೀರುತ್ತದೆ. ಕಿವಿಗೆ ಆದ ಹಾನಿ ಆಮೇಲೆ ಸರಿಹೋಗದಿರಬಹುದು.

ಒಂದೇ ಬಂದೂಕು, ಎರಡು ಬಗೆ ಗುಂಡು ಎಂಬ ಉಪಾಯ ನಿಂತಿರುವುದು ಬದಲಿಸುವವರ ನೆನಪಿನ ಮೇಲೆ. ಇಡೀ ದಿನ ಬೆಟ್ಟ ಹತ್ತಿಳಿದು ಕತ್ತಲಲ್ಲಿ ಮನೆ ಸೇರಿದವನು ಕೆಸರಿನ ಬೂಟು ಕಳಚಿ, ಊಟ ಮಾಡಿ, ಹಾಗೆಯೇ ಮಲಗಿಬಿಡುತ್ತಾನೆ. ಕರಡಿಯ ಎಲುಬು ಒಡೆಯಲೆಂದು ತುಂಬಿದ ಆರು ಗಟ್ಟಿ ಗುಂಡುಗಳು ಆ ರಾತ್ರಿ ಮಂಚದ ಪಕ್ಕ, ಜಿಪ್ಸಮ್ ಗೋಡೆಯ ಈಚೆ ಇರುತ್ತವೆ.