ಹಾರ್ಟ್ ಫೇಲ್ಯೂರ್‌ನಲ್ಲಿ ಉರಿಯೂತ: ಗುರುತು ಸಿಕ್ಕಿದೆ, ಮದ್ದು ಸಿಕ್ಕಿಲ್ಲ

ಹಾರ್ಟ್ ಫೇಲ್ಯೂರ್ ಇರೋ ಸುಮಾರು ಜನರ ರಕ್ತದಲ್ಲಿ ಸಿಆರ್‌ಪಿ, ಐಎಲ್-6, ಟಿಎನ್‌ಎಫ್ ಅನ್ನೋ ಉರಿಯೂತದ ಸೂಚಕಗಳು ಯಾವ ಸೋಂಕೂ ಇಲ್ದೇನೇ ಜಾಸ್ತಿ ಇರ್ತವೆ. ಎಲ್ಲಿಂದ ಬರ್ತವೆ ಅಂತ ನೋಡಿದ್ರೆ ಹಾರ್ಟ್ ಒಂದೇ ಅಲ್ಲ. ಪಂಪಿಂಗ್ ಸರಿಯಾಗದೆ ರಕ್ತ ಹಿಂದೆ ಕಟ್ಕೊಂಡಾಗ ಕಾಲು ಊದೋದು ಕಣ್ಣಿಗೆ ಕಾಣುತ್ತೆ, ಆದ್ರೆ ಒಳಗೆ ಕರುಳಿನ ಗೋಡೆನೂ ಊದ್ಕೊಂಡು ಸಡಿಲ ಆಗುತ್ತೆ, ಅಲ್ಲಿರೋ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನೋ ವಿಷ ರಕ್ತಕ್ಕೆ ಸೋರುತ್ತೆ, ರಕ್ಷಣಾ ಕಣಗಳು ಎದ್ದು ಐಎಲ್-6 ಬಿಡ್ತವೆ, ಅದು ಮುಟ್ಟಿದ ಮೇಲೆ ಲಿವರ್ ಸಿಆರ್‌ಪಿ ತಯಾರು ಮಾಡುತ್ತೆ. ನೀರು ಇಳಿಸೋ ಮಾತ್ರೆ ಕೊಟ್ಟು ಊತ ತಗ್ಗಿಸಿದ್ರೆ ಎಂಡೋಟಾಕ್ಸಿನ್ನೂ ಇಳಿಯೋದನ್ನ ಡಾಕ್ಟರ್‌ಗಳು ಅಳೆದು ನೋಡಿದ್ದಾರೆ.

ತೀವ್ರ ಹಾರ್ಟ್ ಫೇಲ್ಯೂರ್‌ನಿಂದ ಸೊರಗಿ ಸಣ್ಣಗಾದವರಲ್ಲಿ ಟಿಎನ್‌ಎಫ್ ತುಂಬಾ ಏರಿರುತ್ತೆ ಅಂತ 1990ರಲ್ಲೇ ಗೊತ್ತಾಯ್ತು. ಆಮೇಲೆ ಬಂದ ಅಧ್ಯಯನಗಳೂ ಅದೇ ದಿಕ್ಕಲ್ಲೇ ಹೋದ್ವು, ಈ ಸೂಚಕಗಳು ಹೆಚ್ಚಿದ್ದವರು ಮತ್ತೆ ಮತ್ತೆ ಆಸ್ಪತ್ರೆ ಸೇರೋದು, ತೀರ್ಕೊಳ್ಳೋದು ಜಾಸ್ತಿ. ಹಾಗಿದ್ರೆ ಟಿಎನ್‌ಎಫ್‌ನ ತಡೆದ್ರೆ ಆಯ್ತಲ್ಲ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಹಾಗೆ ತಡೆಯೋ ಎಟಾನರ್ಸೆಪ್ಟ್ ಔಷಧಿನ ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಮಾಡಿದ್ರು, ಲಾಭ ಕಾಣದೆ 2001ರಲ್ಲಿ ಮಧ್ಯದಲ್ಲೇ ನಿಲ್ಲಿಸಿದ್ರು. ಟಿಎನ್‌ಎಫ್ ತಡೆಯೋ ಇನ್ನೊಂದು ಔಷಧಿ ಇನ್ಫ್ಲಿಕ್ಸಿಮ್ಯಾಬ್‌ನ 150 ಜನರ ಪ್ರಯೋಗದಲ್ಲಂತೂ ಹೆಚ್ಚಿನ ಡೋಸ್ ತಗೊಂಡವರ ಸ್ಥಿತಿ ಇನ್ನೂ ಹದಗೆಡ್ತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ, ಅಪಾಯ ತೋರಿಸೋ ವಸ್ತುನೇ ಅಪಾಯಕ್ಕೆ ಕಾರಣ ಅಂತ ತೀರ್ಮಾನ ಮಾಡೋಕಾಗಲ್ಲ, ಟಿಎನ್‌ಎಫ್ ಸ್ವಲ್ಪ ಮಟ್ಟಿಗೆ ಹಾರ್ಟ್‌ನ ಕಾಪಾಡೋ ಕೆಲಸನೂ ಮಾಡ್ತಿರಬಹುದು.

ಹಾಗಂತ ಬಾಗಿಲು ಮುಚ್ಚಿಲ್ಲ. 2017ರಲ್ಲಿ ಬಂದ ಕ್ಯಾಂಟೋಸ್ ಪ್ರಯೋಗದಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದು ಸಿಆರ್‌ಪಿ ಲೀಟರ್‌ಗೆ 2 ಮಿಲಿಗ್ರಾಂಗಿಂತ ಕಮ್ಮಿ ಇಲ್ಲದ 10,061 ಜನ ಇದ್ರು, ಐಎಲ್-1 ಬೀಟಾ ಅನ್ನೋ ಇನ್ನೊಂದು ಉರಿಯೂತದ ವಸ್ತುನ ತಡೆಯೋ ಕ್ಯಾನಕಿನುಮ್ಯಾಬ್ ಔಷಧಿ ಡೋಸ್ ಏರಿದಂತೆ ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗೋದು ಇಳೀತು, ಆದ್ರೆ ಪ್ರಾಣ ತೆಗೆಯೋ ಸೋಂಕು ಹೆಚ್ಚಾಯ್ತು.

ರಿಪೋರ್ಟಲ್ಲಿ ಒಂದ್ಸಲ ಸಿಆರ್‌ಪಿ ಜಾಸ್ತಿ ಬಂದ್ರೆ ಗಾಬರಿ ಬೇಡ, ನೆಗಡಿ ಜ್ವರ ಬಂದ್ರೂ ಅದು ಏರುತ್ತೆ, ಹಾರ್ಟ್ ಫೇಲ್ಯೂರ್ ಎಷ್ಟಿದೆ ಅಂತ ನೋಡೋಕೆ ಡಾಕ್ಟರ್‌ಗಳು ಹೆಚ್ಚು ನಂಬೋದು ಎನ್‌ಟಿ-ಪ್ರೋಬಿಎನ್‌ಪಿ ಟೆಸ್ಟ್‌ನ, ಅದು ಹಾರ್ಟ್ ಮೇಲೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರೋ ವಸ್ತುನ ಅಳೆಯುತ್ತೆ. ಆದ್ರೆ ಸಂಧಿವಾತಕ್ಕೆ ಟಿಎನ್‌ಎಫ್ ತಡೆಯೋ ಇಂಜೆಕ್ಷನ್ ತಗೋಳೋರು ತಮಗೆ ಹಾರ್ಟ್ ಫೇಲ್ಯೂರ್ ಇದ್ರೆ ಅದನ್ನ ಡಾಕ್ಟರ್‌ಗೆ ಮೊದಲೇ ಹೇಳ್ಬೇಕು.