ಭಾನುಮತಿ ಸಿನಿಮಾಗಳ ಲೆಕ್ಕ: ಒಂದು ಚಿತ್ರ ಮೂರು ಸಾಲಿನಲ್ಲಿ ಯಾಕೆ ಬರುತ್ತೆ?

ನಿನ್ನೆ ರಾತ್ರಿ ಈ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ದಕ್ಷಿಣದ ಸಿನಿಮಾ ಇತಿಹಾಸ ಓದುತ್ತಿರುವ ನಮ್ಮ ಗುಂಪಿನಲ್ಲಿ ತೆಲುಗು, ತಮಿಳು ಚಿತ್ರನಟಿ ಪಿ. ಭಾನುಮತಿ ನನ್ನ ಪಾಲಿಗೆ ಬಂದಿದ್ದರು. ನಾನು ಬಳ್ಳಾರಿಯವಳು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಹಾಗಾಗಿ ಸುಲಭ ಅಂದುಕೊಂಡಿದ್ದೆ.

ಮೊದಲು ಬೇಗ ಮುಗಿಯುವ ಸಂಗತಿಗಳು. ಹುಟ್ಟಿದ್ದು 1925ರಲ್ಲಿ, ಒಂಗೋಲು ಕಡೆಯ ದೊಡ್ಡವರಂನಲ್ಲಿ. ಸಂಗೀತ ಕಲಿಸಿದ್ದು ತಂದೆ. ಮೊದಲ ಚಿತ್ರ 1939ರ 'ವರವಿಕ್ರಯಂ'. 1943ರಲ್ಲಿ ಪಿ.ಎಸ್. ರಾಮಕೃಷ್ಣರಾವ್ ಜೊತೆ ಮದುವೆ. ಆಮೇಲೆ ಇಬ್ಬರೂ ಸೇರಿ ಮದ್ರಾಸಿನಲ್ಲಿ ಭರಣಿ ಪಿಕ್ಚರ್ಸ್ ಕಟ್ಟಿದರು. 1966ರಲ್ಲಿ ಪದ್ಮಶ್ರೀ, 2001ರಲ್ಲಿ ಪದ್ಮಭೂಷಣ. ತೀರಿಕೊಂಡಿದ್ದು 2005ರಲ್ಲಿ. ನಟಿ, ಗಾಯಕಿ, ನಿರ್ದೇಶಕಿ, ಕತೆಗಾರ್ತಿ, ನಾಲ್ಕೂ ಆಗಿದ್ದರು. ಅವರ 'ಅತ್ತಗಾರಿ ಕಥಲು' ತೆಲುಗು ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ನಾನು ಎಡವಿದ ಜಾಗ

ನನ್ನ ಪಟ್ಟಿಯಲ್ಲಿ ತೆಲುಗು, ತಮಿಳು, ಹಿಂದಿ ಅಂತ ಮೂರು ಕಾಲಂ ಹಾಕಿದ್ದೆ. ಒಂದೇ ಕತೆ ಎರಡು ಕಾಲಂನಲ್ಲಿ ಬಂದರೆ "ಡಬ್ಬಿಂಗ್" ಅಂತ ಒಂದನ್ನು ಹೊಡೆದುಹಾಕುತ್ತಾ ಹೋದೆ. ಅದು ತಪ್ಪು. ದೊಡ್ಡ ತಪ್ಪು. ಒಂದೇ ಕತೆ ಇನ್ನೊಂದು ಭಾಷೆಗೆ ಹೋಗುವ ದಾರಿ ಮೂರಿವೆ.

ಡಬ್ಬಿಂಗ್‌ನಲ್ಲಿ ಚಿತ್ರ ಅದೇ, ದನಿ ಮಾತ್ರ ಬೇರೆ. ನಟಿ ಮತ್ತೆ ಕ್ಯಾಮೆರಾ ಮುಂದೆ ನಿಲ್ಲುವುದಿಲ್ಲ. ಭರಣಿಯ 'ಲೈಲಾ ಮಜ್ನು' (1949) ತೆಲುಗಿನಲ್ಲಿ ತೆಗೆದದ್ದು, ತಮಿಳಿಗೆ ಡಬ್ ಆಗಿ ಹೋಯಿತು. ರಿಮೇಕ್ ಅಂದರೆ ಕತೆ ಮಾತ್ರ ದಾಟುತ್ತದೆ, ಮುಖಗಳು ಬದಲಾಗಬಹುದು. ಇವೆರಡೂ ನನಗೆ ಗೊತ್ತಿದ್ದವು.

ಗೊತ್ತಿಲ್ಲದ್ದು ಮೂರನೆಯದು: ಜೊತೆಜೊತೆಗೇ ಚಿತ್ರೀಕರಣ. ಸೆಟ್ ಅದೇ, ಸೀರೆ ಅದೇ, ದೀಪವೂ ಅದೇ. ಆದರೆ ಒಂದು ಶಾಟ್ ತೆಲುಗಿನಲ್ಲಿ ಮುಗಿಸಿ, ಅದನ್ನೇ ತಮಿಳಿನಲ್ಲಿ ಮತ್ತೆ ಆಡುತ್ತಾರೆ. ಅಳು ಬಂದಿದ್ದರೆ ಇನ್ನೊಮ್ಮೆ ಅಳಬೇಕು. ನೆಗೆಟಿವ್ ಬೇರೆ, ತುಟಿ ಬೇರೆ. ಪಟ್ಟಿಯಲ್ಲಿ ಎರಡು ಸಾಲು ನ್ಯಾಯವಾಗಿ ಬರಲೇಬೇಕು, ಅಲ್ವಾ?

'ಚಂಡೀರಾಣಿ' (1953) ನೋಡಿ. ತೆಲುಗು, ತಮಿಳು, ಹಿಂದಿ, ಮೂರರಲ್ಲೂ ತಯಾರಾಯಿತು. ನಿರ್ದೇಶನ ಭಾನುಮತಿಯವರದೇ. ಅದರಲ್ಲಿ ಅವರದು ದ್ವಿಪಾತ್ರ ಬೇರೆ! ನಾನು ಒಂದು ಅಂತ ಎಣಿಸಿದ್ದೆ. ಆಕೆ ಆಡಿದ್ದು ಎರಡು ಪಾತ್ರ, ಮೂರು ಭಾಷೆ. ಹಾಡೂ ಹಾಗೇ. ಅದೇ ಧಾಟಿಯ ಯುಗಳಗೀತೆ ತೆಲುಗು, ತಮಿಳಿನಲ್ಲಿ ಘಂಟಸಾಲ ಜೊತೆ, ಹಿಂದಿಯಲ್ಲಿ ತಲತ್ ಮೆಹಮೂದ್ ಜೊತೆ. ಗಂಡು ದನಿ ಬದಲಾಯಿತು. ಹೆಣ್ಣು ದನಿ ಮೂರರಲ್ಲೂ ಭಾನುಮತಿ. ಅವರ ಕಾಲದ ಬಹಳ ನಾಯಕಿಯರಿಗೆ ಹಿನ್ನೆಲೆ ಗಾಯಕಿಯರು ಹಾಡುತ್ತಿದ್ದರು. ಇವರು ತಮ್ಮ ಹಾಡು ತಾವೇ ಹಾಡಿದರು. ಆದ್ದರಿಂದ ಇವರಿಗೆ ಒಂದು ಭಾಷೆ ಜಾಸ್ತಿ ಅಂದರೆ ಅಭಿನಯದ ಜೊತೆ ರೆಕಾರ್ಡಿಂಗೂ ಜಾಸ್ತಿ. ಇದು ಹೊಳೆದಾಗ ಪಟ್ಟಿ ಮುಂದಿಟ್ಟುಕೊಂಡು ಸುಮ್ನೆ ಕೂತುಬಿಟ್ಟೆ.

ಇನ್ನೂ ಕಷ್ಟದ್ದು 'ಮಲೈಕ್ಕಳ್ಳನ್'. 1954ರಲ್ಲಿ ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೊ ತೆಗೆದದ್ದು. ತಮಿಳಿನಲ್ಲಿ ಎಂ.ಜಿ.ಆರ್. ಜೊತೆ ಭಾನುಮತಿ. ಅದೇ ಕತೆ ತೆಲುಗಿನಲ್ಲಿ 'ಅಗ್ಗಿ ರಾಮುಡು', ಎನ್.ಟಿ.ಆರ್. ಜೊತೆ ಭಾನುಮತಿ. ಹಿಂದಿಯಲ್ಲಿ 'ಆಜಾದ್', ಆದರೆ ಅಲ್ಲಿ ಮೀನಾಕುಮಾರಿ. ಕನ್ನಡದಲ್ಲಿ 'ಬೆಟ್ಟದ ಕಳ್ಳ', ಅಲ್ಲಿ ಮೈನಾವತಿ. ಅಂದರೆ ಭಾನುಮತಿ ಪಟ್ಟಿಗೆ ಎರಡೇ ಸಾಲು. ಕತೆಯ ಹೆಸರು ಹಿಡಿದು ಹೋಗಬೇಡಿ, ಮುಖ ಹಿಡಿದು ಹೋಗಿ.

ಪ-ಬ-ಮ ಉಪಾಯ

ಡಬ್ಬಿಂಗೋ ಅಲ್ಲವೋ ಅಂತ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಾಗ ನಾನು ಮಾಡುವುದು ಇದು. ಪ, ಫ, ಬ, ಭ, ಮ ಹೇಳುವಾಗ ತುಟಿ ಮುಚ್ಚಲೇಬೇಕು. ನೀವೇ ಹೇಳಿ ನೋಡಿ. 1945ರ 'ಸ್ವರ್ಗಸೀಮ'ದಲ್ಲಿ ಅವರು ಹಾಡಿದ "ಓಹೋಹೋ ಪಾವುರಮಾ" ತಗೊಳ್ಳಿ. ಪಾವುರಮಾ ಅಂದರೆ ಪಾರಿವಾಳವೇ. "ಪಾ"ಗೆ ಒಮ್ಮೆ, "ಮಾ"ಗೆ ಒಮ್ಮೆ ತುಟಿ ಸೇರುತ್ತದೆ. ಈಗ ಅನುಮಾನ ಇರುವ ಚಿತ್ರದ ಒಂದು ಕ್ಲೋಸಪ್ ಹುಡುಕಿ, ದನಿ ಕಡಿಮೆ ಮಾಡದೆ ತುಟಿ ನೋಡಿ. ಕಿವಿಗೆ "ಮ" ಕೇಳಿ, ತುಟಿ ತೆರೆದೇ ಇದ್ದರೆ ಅದು ಡಬ್ಬಿಂಗ್. ಒಂದು ಸಲ ತಪ್ಪಿದರೆ ಲೆಕ್ಕಕ್ಕಿಲ್ಲ. ನಾಲ್ಕೈದು ಸಲ ತಪ್ಪಬೇಕು. ಹಾಡಿಗಿಂತ ಮಾತಿನ ದೃಶ್ಯ ಒಳ್ಳೆಯದು. ಹಾಡಿನಲ್ಲಿ ನಟಿ ತನ್ನ ಭಾಷೆಯಲ್ಲೇ ಹಾಡುತ್ತಿದ್ದರೂ ತುಟಿ ಒಂದಿಷ್ಟು ಹಿಂದೆಮುಂದೆ ಆಗಬಹುದು.

ತೆಲುಗು ಬರುವವರಿಗೆ ಇನ್ನೊಂದು ಸುಳಿವು. ತೆಲುಗು ಪದ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಇರುತ್ತದೆ. ತಮಿಳಿನಲ್ಲಿ "ಮ್" ಅಂತ ಮುಗಿಯುವ ಪದ ಎಷ್ಟೋ. ಸಾಲಿನ ಕೊನೆ ನೋಡಿದರೆ ಸಾಕು.

ನಮ್ಮ ಕಡೆಗೆ ತಾಗುವುದು

'ಮಲ್ಲೀಶ್ವರಿ' (1951) ಬಿ.ಎನ್. ರೆಡ್ಡಿಯವರದು. ಕತೆ ನಡೆಯುವುದು ಕೃಷ್ಣದೇವರಾಯನ ಕಾಲದಲ್ಲಿ. ವೇಷ ಮರೆಸಿಕೊಂಡು ಬಂದ ರಾಯ ಹುಡುಗಿಯ ಹಾಡು, ಕುಣಿತ ಕಂಡು ಮೆಚ್ಚುತ್ತಾನೆ. ಆ ಮೆಚ್ಚುಗೆಯೇ ಮುಂದೆ ಅವಳನ್ನು ಅರಮನೆಗೆ ಎಳೆಯುತ್ತದೆ. ಹಂಪಿ, ಆನೆಗುಂದಿ ನೋಡಿ ಬೆಳೆದ ನಮಗೆ ಈ ಚಿತ್ರ ಪರರದ್ದು ಅನ್ನಿಸುವುದೇ ಇಲ್ಲ.

ಇನ್ನೊಂದು ತಾರೀಖು ಜೊತೆಗಿಟ್ಟುಕೊಳ್ಳಿ. 'ಚಂಡೀರಾಣಿ' ಬಂದದ್ದು 1953ರ ಆಗಸ್ಟ್‌ನಲ್ಲಿ. ಬಳ್ಳಾರಿ ಮೈಸೂರಿಗೆ ಸೇರಿದ್ದು ಅದೇ ವರ್ಷ ಅಕ್ಟೋಬರ್ 1ಕ್ಕೆ. ಅಂದರೆ ಚಿತ್ರ ಬಂದಾಗ ನಮ್ಮೂರು ಇನ್ನೂ ಮದ್ರಾಸ್ ರಾಜ್ಯದಲ್ಲೇ ಇತ್ತು. ರಾಯಚೂರು, ಕೊಪ್ಪಳ ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ "ಬೇರೆ ರಾಜ್ಯದ ನಟಿ" ಅಂತ ನನ್ನ ಹಳೇ ಟಿಪ್ಪಣಿಯಲ್ಲಿ ಬರೆದಿದ್ದ ಸಾಲನ್ನೂ ಈಗ ಹೊಡೆದುಹಾಕಿದ್ದೇನೆ.